ಹುಡುಕು ಚೌಕಕ್ಕೆ ಕರಡು ಸಾಹೇಬರ ಮನವಿ

ನೀರು ಸರಬರಾಜು ಕಚೇರಿಯಲ್ಲಿ ಅವರಿಗಿದ್ದ ಹೆಸರು ಕರಡು ಸಾಹೇಬರು. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತರಾಗುವವರೆಗೂ ಅವರು ಮಾಡಿದ್ದು ಒಂದೇ ಕೆಲಸ: ಪತ್ರಗಳ ಕರಡು ಬರೆಯುವುದು. ನಲ್ಲಿಯಲ್ಲಿ ನೀರು ಬರಲಿ ಬಿಡಲಿ, ಯಾಕೆ ಬರಲಿಲ್ಲ ಎಂಬ ಪತ್ರ ಮಾತ್ರ ತಪ್ಪದೆ ಬರುತ್ತಿತ್ತು. 'ಆಗುವುದಿಲ್ಲ' ಎಂಬ ಒಂದು ಮಾತನ್ನು ಅವರು ಎರಡು ಪುಟಕ್ಕೆ ಹಿಗ್ಗಿಸಬಲ್ಲವರಾಗಿದ್ದರು. ಓದಿದವರಿಗೆ ತಮ್ಮ ಕೆಲಸ ಆಗಿಯೇ ಹೋಯಿತೆಂದು ಅನ್ನಿಸಿ, ಕಚೇರಿಗೆ ಬಂದು ಕೈಮುಗಿದು ಹೋದವರೂ ಉಂಟು. ಸಾಹೇಬರು ಒಂದು ವಾಕ್ಯ ಶುರುಮಾಡಿದರೆ ಪೂರ್ಣವಿರಾಮಕ್ಕೆ ಕಾದು ಕಾದು ಸಾಕಾಗಿ ಟೈಪಿಸ್ಟ್ ಊಟಕ್ಕೆ ಎದ್ದು ಹೋಗುತ್ತಿದ್ದಳಂತೆ. ತಿರುಗಿ ಬಂದಾಗಲೂ ಅದೇ ವಾಕ್ಯ ನಡೆಯುತ್ತಿತ್ತಂತೆ.

ಕಚೇರಿ ಬಿಟ್ಟ ಮೇಲೆ ಕಡತಗಳು ಹೋದವು, ಜವಾನ ಹೋದ, ಮೇಜಿನ ಮೇಲಿನ ಗಂಟೆ ಹೋಯಿತು. ಉಳಿದದ್ದು ಎರಡು: ಉದ್ದ ವಾಕ್ಯ ಮತ್ತು ಮೀಸೆ. ಮೀಸೆಯನ್ನು ಅವರು ಮೇಲ್ವಿಚಾರಕರಾಗಿ ಬಡ್ತಿ ಪಡೆದ ವರ್ಷ ಬಿಟ್ಟದ್ದು. ದೊಡ್ಡ ಕುರ್ಚಿ ಸಿಕ್ಕಿದ ಮೇಲೆ ಮುಖಕ್ಕೂ ಏನಾದರೂ ಸಿಗಬೇಕಲ್ಲ. ಅದು ಮೂಗಿನ ಕೆಳಗೆ ಹುಟ್ಟಿ, ಮೇಲ್ತುಟಿಯನ್ನು ಪೂರ್ತಿ ನುಂಗಿ, ಕೆಳತುಟಿಯ ಗಡಿಯಲ್ಲಿ ಬೀಡುಬಿಟ್ಟಿತ್ತು. ಟೀ ಅದರಲ್ಲಿ ಸೋಸಿಕೊಂಡೇ ಒಳಗೆ ಹೋಗುತ್ತಿತ್ತು. ಮಾತು ಆ ಪೊದೆಯಿಂದಲೇ ಹೊರಗೆ ಬರುತ್ತಿತ್ತು. ಸರಿಯಾಗಿ ಎಲ್ಲಿಂದ ಎಂದು ಕಂಡವರಿಲ್ಲ.

ಅವರ ಹೆಂಡತಿಯನ್ನು ಬೀದಿಯವರು ಕರೆಯುವುದು ಆಪರೇಟರಮ್ಮ ಎಂದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ದೂರದೂರಿನವರನ್ನು ದೂರದೂರಿನವರಿಗೆ ಜೋಡಿಸುತ್ತ ವಯಸ್ಸು ಕಳೆದವರು. ಅಲ್ಲಿ ಯಾರ ಕಥೆ ಕೇಳಲೂ ಪುರುಸೊತ್ತಿಲ್ಲ. "ಊರು? ನಂಬರು?" ಎರಡೇ ಪ್ರಶ್ನೆ. ಉತ್ತರ ಬಂದರೆ ತಂತಿ ಸಿಕ್ಕಿಸುವುದು, ಬರದಿದ್ದರೆ ಕೀಳುವುದು. ಸಾಹೇಬರು ಮೊದಲ ಸಲ ಮದುವೆಯ ಮಾತೆತ್ತಿದಾಗ ಪೀಠಿಕೆಯಲ್ಲಿಯೇ ಪಾರ್ಕಿನ ಸುತ್ತು ಮುಗಿದು, ಇಬ್ಬರೂ ಬಸ್ ಸ್ಟಾಪಿಗೆ ಬಂದು ನಿಂತಿದ್ದರಂತೆ.

"ಮದುವೆ ವಿಚಾರಾನಾ?" ಎಂದು ಆಕೆಯೇ ಕೇಳಿದರಂತೆ.

"ಅದೇ, ಈ ಸಂಬಂಧ ತಮ್ಮ ಅಭಿಪ್ರಾಯವನ್ನೂ ಗಮನದಲ್ಲಿ ಇಟ್ಕೊಂಡು..."

"ಆಗ್ಲಿ. ಬಸ್ ಬಂತು, ಹತ್ತಿ."

ಮದುವೆಯಾದ ಮೇಲೆ ಆಪರೇಟರಮ್ಮನಿಂದ ಅಷ್ಟು ಸುಲಭವಾಗಿ 'ಆಗ್ಲಿ' ಬರಲಿಲ್ಲ. ಸಾಹೇಬರ ಪ್ರತಿ ಪ್ರಸ್ತಾವಕ್ಕೂ ಅವರ ಉತ್ತರ 'ಇಲ್ಲ' ಎಂದೇ ಆರಂಭವಾಗುತ್ತಿತ್ತು. ಪಡಸಾಲೆಗೆ ಹಸಿರು ಬಣ್ಣ ಬಳಿಸೋಣ ಎಂದರೆ ಇಲ್ಲ. ಕಪಾಟನ್ನು ಈ ಗೋಡೆಗೆ ಸರಿಸೋಣ ಎಂದರೆ ಇಲ್ಲ. ಸಾಹೇಬರು ಕಾರಣಗಳನ್ನು ಒಂದೊಂದಾಗಿ ಮಂಡಿಸುವರು, ಆಕೆ ಒಂದೊಂದಾಗಿ ಕತ್ತರಿಸುವರು. ಆ ಮನೆಯ ಸಂಸಾರ ನಡೆದದ್ದೇ ಹೀಗೆ, ಮತ್ತು ಚೆನ್ನಾಗಿಯೇ ನಡೆಯಿತು.

ಹೀಗಿರುವಾಗ ಆಪರೇಟರಮ್ಮ 'ಹೂಂ' ಅನ್ನಲು ತೊಡಗಿದರು.

ಮೊದಲು ಸಾಹೇಬರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹಸಿರು ಬಣ್ಣಕ್ಕೆ ಹೂಂ. ಕಪಾಟಿಗೆ ಹೂಂ. ಸಂಜೆ ಪಾರ್ಕಿನ ಬೆಂಚಿನ ಮೇಲೆ ಅವರು ಗೆಳೆಯರಿಗೆ, "ನೋಡಿ, ವಿವೇಕ ಅನ್ನೋದು ತಡವಾಗಿ ಬಂದ್ರೂ ಬಂದೇ ಬರುತ್ತೆ" ಎಂದು ಹೇಳಿಕೊಂಡರು. ಬಣ್ಣ ಬಳಿದದ್ದಾಯಿತು. ಆ ಹಸಿರು ನಿಜವಾಗಿಯೂ ಕೆಟ್ಟದಾಗಿತ್ತು. ಯಾರೂ ಬೇಡವೆನ್ನದ ಕಾರಣ ಅದು ಮೊದಲ ಬಾರಿಗೆ ಸಾಹೇಬರಿಗೇ ಕಂಡಿತು.

"ಹೇಗಿದೆ?" ಎಂದು ಕೇಳಿದರು.

"ಹೂಂ."

"ಚೆನ್ನಾಗಿಲ್ಲ ಅನ್ಸುತ್ತೆ, ಅಲ್ವಾ?"

"ಹೂಂ."

"ನಾನು ಸತ್ತು ಹೋದ್ರೆ ನಿಂಗೆ ಖುಷಿನಾ?"

"ಹೂಂ," ಎಂದು ಆಕೆ ನಕ್ಕರು.

ಸಾಹೇಬರು ಎದ್ದು ಅವರ ಬೆನ್ನ ಹಿಂದೆ ಹೋಗಿ ಚಪ್ಪಾಳೆ ತಟ್ಟಿದರು. ಆಪರೇಟರಮ್ಮ ಬಟ್ಟೆ ಮಡಿಸುತ್ತಲೇ ಇದ್ದರು.

ಕಿವಿ ಡಾಕ್ಟರು ಯಂತ್ರವೊಂದನ್ನು ಕಿವಿಗೆ ಇಟ್ಟು ಕಳಿಸಿದರು. ಅದು ಸದ್ದನ್ನು ಎತ್ತಿ ಕೊಡುತ್ತಿತ್ತು, ಮಾತನ್ನು ಬಿಡಿಸಿ ಕೊಡುತ್ತಿರಲಿಲ್ಲ. "ಪಾತ್ರೆ ಬಿದ್ದ ಸದ್ದು ಚೆನ್ನಾಗಿ ಕೇಳುತ್ತೆ ರೀ. ನಿಮ್ಮ ಮಾತೂ ಹಾಗೇ ಕೇಳುತ್ತೆ, ಪಾತ್ರೆ ಬಿದ್ದ ಹಾಗೆ" ಎಂದರು ಆಪರೇಟರಮ್ಮ. ಡಾಕ್ಟರು ಸಾಹೇಬರನ್ನು ಪಕ್ಕಕ್ಕೆ ಕರೆದು ಹೇಳಿದರು: "ಇನ್ನೂ ಸ್ವಲ್ಪ ಕಮ್ಮಿ ಆಗುತ್ತೆ. ಇರೋದು ಇರೋವಾಗ್ಲೇ ತುಟಿ ನೋಡಿ ಮಾತು ತಿಳ್ಕೊಳ್ಳೋದು ಕಲೀಲಿ. ಆಮೇಲೆ ಕಷ್ಟ. ಇದಕ್ಕೆ ಒಂದು ಒಳ್ಳೆ ಪುಸ್ತಕ ಇದೆ, ಹೆಸರು ಮರೆತೆ. ನಮ್ಮ ಸಾರ್ವಜನಿಕ ಲೈಬ್ರರಿಯಲ್ಲೇ ನೋಡಿದ್ದೆ. ಹುಡುಕಿ."

ಲೈಬ್ರರಿಯಲ್ಲಿ ಹಿಂದೆ ಚೀಟಿಗಳ ಮರದ ಡ್ರಾಯರುಗಳಿದ್ದವು. ಈಗ ಅವು ಹೋಗಿ, ಮನೆಯಲ್ಲೇ ಕೂತು ನೋಡಬಹುದಾದ ಆನ್‌ಲೈನ್ ಕ್ಯಾಟಲಾಗ್ ಬಂದಿತ್ತು. ಸಾಹೇಬರು ಹಳೆಯ ಕಂಪ್ಯೂಟರಿನ ಧೂಳು ಒರೆಸಿ ಕೂತರು. ಪರದೆಯ ಮೇಲೆ 'ಹುಡುಕಿ' ಎಂಬ ಮಾತಿನ ಪಕ್ಕ ಒಂದು ಖಾಲಿ ಚೌಕ. ಖಾಲಿ ಜಾಗ ಕಂಡರೆ ಸಾಹೇಬರ ಕೈ ಸುಮ್ಮನಿರುವುದುಂಟೇ? ಆದರೂ ಅವಸರ ಪಡಲಿಲ್ಲ. ಮೊದಲು ಕಾಗದದ ಮೇಲೆ ಕರಡು ಮಾಡಿಕೊಂಡರು, ತಿದ್ದಿದರು, ಆಮೇಲೆ ಅದನ್ನು ಚೌಕದೊಳಕ್ಕೆ ಇಳಿಸಿದರು:

'ಮಾನ್ಯರೇ, ನನ್ನ ಧರ್ಮಪತ್ನಿಯವರಿಗೆ ಇತ್ತೀಚಿನ ದಿನಗಳಲ್ಲಿ ಕಿವಿ ಮಂದವಾಗಿರುವ ಹಿನ್ನೆಲೆಯಲ್ಲಿ, ವೈದ್ಯರ ಪ್ರಮುಖ ಸಲಹೆಯಂತೆ, ಎದುರಿನವರ ತುಟಿಗಳ ಚಲನೆಯನ್ನು ಗಮನಿಸಿ ಮಾತನ್ನು ಅರಿಯುವ ಬಗೆಗಿನ ಪುಸ್ತಕವೊಂದು ತಮ್ಮಲ್ಲಿ ಲಭ್ಯವಿದ್ದಲ್ಲಿ ದಯಮಾಡಿ ಒದಗಿಸಬೇಕಾಗಿ ಈ ಮೂಲಕ ಕೋರಲಾಗಿದೆ.'

ಚೌಕ ಸಣ್ಣದು, ವಾಕ್ಯದ ಬಾಲ ಮಾತ್ರ ಕಾಣುತ್ತಿತ್ತು. ಗುಂಡಿ ಒತ್ತಿದರು. 'ನಿಮ್ಮ ಹುಡುಕಾಟಕ್ಕೆ ಹೊಂದುವ ಯಾವ ಪುಸ್ತಕವೂ ಇಲ್ಲ' ಎಂಬ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

ಇಷ್ಟು ಬೇಗ ಬಂದ ಉತ್ತರವನ್ನು ಸಾಹೇಬರು ತಮ್ಮ ಜನ್ಮದಲ್ಲಿ ನಂಬಿದವರಲ್ಲ. ಕಡತ ನೋಡದೆಯೇ ಕಳಿಸಿದ್ದಾರೆ ಎಂದುಕೊಂಡರು. ಕಚೇರಿಯ ಕ್ರಮದ ಪ್ರಕಾರ ನೆನಪೋಲೆ ಕಳಿಸಿದರು: ಮೊದಲಿನ ಮನವಿಯನ್ನೇ ಪೂರ್ತಿಯಾಗಿ ಹಾಕಿ, ಮೇಲೆ 'ಉಲ್ಲೇಖ: ಇಂದೇ ಸಲ್ಲಿಸಿದ ನನ್ನ ಮನವಿ' ಎಂದು ಸೇರಿಸಿದರು. ಇಲ್ಲ ಎಂದಿತು. ಎರಡನೆಯ ನೆನಪೋಲೆಯಲ್ಲಿ ಭಾಷೆ ಸ್ವಲ್ಪ ಖಾರವಾಯಿತು. ಅದಕ್ಕೂ ಇಲ್ಲ. ಮೂರನೆಯದರ ಕೊನೆಗೆ 'ಪ್ರತಿ: ಮೇಲಧಿಕಾರಿಗಳ ಅವಗಾಹನೆಗೆ' ಎಂದು ಸೇರಿಸಿ ಒತ್ತಿದರು. ಮೇಲಧಿಕಾರಿಗಳಿಗೂ ಕ್ಯಾಟಲಾಗ್ ಹೆದರಲಿಲ್ಲ.

ಹಿಂದೆ ನಿಂತು ನೋಡುತ್ತಿದ್ದ ಆಪರೇಟರಮ್ಮ, "ಸರೀರಿ ಆಚೆ. ಅದಕ್ಕೇನು ಅರ್ಜಿ ಹಾಕ್ತೀರಾ? ನಂಬರ್ ಕೊಡಿ, ಕಥೆ ಹೇಳ್ಬೇಡಿ" ಎಂದು ಕುರ್ಚಿ ಎಳೆದುಕೊಂಡರು. ಒಂದೇ ಒಂದು ಮಾತು ಬರೆದರು: 'ತುಟಿ'.

ಪರದೆ ತುಂಬಿ ಹರಿಯಿತು. ತುಟಿಗೆ ಬಣ್ಣ ಹಚ್ಚುವ ವಿಧಾನಗಳು, ಒಡೆದ ತುಟಿಗೆ ಮನೆಮದ್ದು, ಪ್ರೇಮಕವನಗಳ ಸಂಕಲನಗಳು ಸಾಲು ಸಾಲಾಗಿ. ಒಂದು ಕಾದಂಬರಿಯ ಮುಖಪುಟ ಕಂಡು ಸಾಹೇಬರು ಕಿಟಕಿಯ ಪರದೆ ಎಳೆದರು.

"ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ನಮಗೆ?" ಎಂದರು.

ಆಪರೇಟರಮ್ಮನಿಗೆ ಅದು ಕೇಳಲಿಲ್ಲ. ಅವರು ಪುಟದ ಮೇಲೆ ಪುಟ ಇಳಿಸುತ್ತ ಹೋಗಿ, ಕೊನೆಗೆ ಕೈಚೆಲ್ಲಿದರು. "ನಂಬರ್ ಕೊಟ್ಟೆ, ಊರು ಕೊಡ್ಲಿಲ್ಲ. ಅದಕ್ಕೇ ಎಲ್ಲಾ ಊರಿಗೂ ಹೊಡೀತು" ಎಂದು ತಮಗೆ ತಾವೇ ಹೇಳಿಕೊಂಡು ಎದ್ದರು.

ಮಾರನೆಯ ದಿನ ಇಬ್ಬರೂ ಲೈಬ್ರರಿಗೆ ಹೋದರು. ಕಿಟಕಿಯ ಪಕ್ಕ ಕಂಪ್ಯೂಟರುಗಳ ಸಾಲು, ಮೇಲೊಂದು ಬೋರ್ಡು: 'ಮೊದಲು ನೀವೇ ಹುಡುಕಿ. ಸಿಗದಿದ್ದರೆ ಕೇಳಿ.' ಕೇಳಬೇಕಾದದ್ದು ಮೂಲೆಯ ಮೇಜಿನ ಲೈಬ್ರರಿ ಮೇಡಂ ಅವರನ್ನು. ಅವರಿಗೆ ಪುಸ್ತಕ ಸಿಗುವುದಕ್ಕಿಂತ ಹುಡುಕುವ ಕ್ರಮ ಸರಿಯಾಗಿರುವುದು ಮುಖ್ಯ. ಸರಿಯಾಗಿ ಹುಡುಕಿ ಬರಿಗೈಯಲ್ಲಿ ಹೋದವರನ್ನು ಅವರು ಬಾಗಿಲವರೆಗೂ ಬಂದು ಬೀಳ್ಕೊಡುತ್ತಿದ್ದರು. ತಪ್ಪಾಗಿ ಹುಡುಕಿ ಪುಸ್ತಕ ಪಡೆದವರತ್ತ ತಲೆಯೆತ್ತಿಯೂ ನೋಡುತ್ತಿರಲಿಲ್ಲ.

"ಮೇಡಂ, ಈಗ ಸಂದರ್ಭ ಏನಂದ್ರೆ," ಎಂದು ಸಾಹೇಬರು ಎದೆ ಸೆಟೆಸಿದರು.

"ಸಂದರ್ಭ ಇರ್ಲಿ ಸರ್. ಕಂಪ್ಯೂಟರಿಗೆ ಏನು ಬರೆದ್ರಿ?"

ಸಾಹೇಬರು ಜೇಬಿನಿಂದ ಕರಡಿನ ಪ್ರತಿ ತೆಗೆದು ಕೊಟ್ಟರು. ಮೇಡಂ ಅದನ್ನು ಪೂರ್ತಿ ಓದಿದರು. ಸಾಹೇಬರ ಕರಡನ್ನು ಪೂರ್ತಿ ಓದಿದ ಮೊದಲ ಮನುಷ್ಯರು ಅವರೇ ಇರಬೇಕು.

"'ದಯಮಾಡಿ' ಅಂತ ಹಾಕಿದೀರಲ್ಲ."

"ಹಾಕ್ಬಾರ್ದೇ? ಮರ್ಯಾದೆ ಅಲ್ವಾ?"

"ಅದಕ್ಕೆ ಮರ್ಯಾದೆ ಗೊತ್ತಾಗಲ್ಲ ಸರ್. ನೀವು ಬರೆದ ಅಷ್ಟೂ ಮಾತು ಒಂದೇ ಪುಸ್ತಕದ ವಿವರದಲ್ಲಿ ಇರ್ಬೇಕು ಅಂತ ಹಟ ಹಿಡಿದು ಹುಡುಕುತ್ತೆ. 'ಮಾನ್ಯರೇ'ನೂ ಇರ್ಬೇಕು, 'ಧರ್ಮಪತ್ನಿ'ನೂ ಇರ್ಬೇಕು, 'ಈ ಮೂಲಕ'ನೂ ಇರ್ಬೇಕು. ಅಂಥ ಪುಸ್ತಕ ಯಾರಾದ್ರೂ ಬರೆದ್ರೆ ಅದು ನೀವೇ." ಮೇಡಂ ಆಪರೇಟರಮ್ಮನ ಕಡೆ ತಿರುಗಿದರು. "ಅಮ್ಮಾ, ನೀವೇನು ಬರೆದ್ರಿ?"

ಆಪರೇಟರಮ್ಮ ಆಕೆಯ ಮುಖವನ್ನೇ ನೋಡುತ್ತಿದ್ದರು. "ತುಟಿ ಅಂತ."

"ಅಷ್ಟೇನಾ? ಊರೆಲ್ಲಾ ಬಂತಾ?"

"ಬಂತು. ಇವರು ಕಿಟಕಿ ಮುಚ್ಚಿದ್ರು."

ಇಬ್ಬರು ಹೆಂಗಸರೂ ನಕ್ಕರು. ಸಾಹೇಬರು ಒಬ್ಬರಿಂದ ಇನ್ನೊಬ್ಬರ ಕಡೆ ನೋಡಿದರು. "ಅಲ್ಲಾ, ಇವರು ಹೇಳಿದ್ದೆಲ್ಲ ನಿಂಗೆ ಕೇಳಿಸ್ತಾ ಇದೆಯಾ?"

ಆಪರೇಟರಮ್ಮ ಮೀಸೆಯತ್ತ ಕಣ್ಣು ಕಿರಿದು ಮಾಡಿ, "ಏನಂದ್ರಿ?" ಎಂದರು.

ಮೇಡಂ ಪೆನ್ನನ್ನು ಕೋಲಿನಂತೆ ಹಿಡಿದು ಸಾಹೇಬರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ತಾವು ಕೈ ಹಾಕಲಿಲ್ಲ. ಅದು ಅವರ ಕ್ರಮ. "ನಿಮ್ಮ ಕಷ್ಟ ಹೇಳ್ಕೋಬೇಡಿ ಸರ್. ನಿಮ್ಮ ಕಷ್ಟದ ಮೇಲೆ ಪುಸ್ತಕ ಬರೆಯೋರು ಅದನ್ನ ಏನಂತ ಕರೀತಾರೆ, ಅದನ್ನ ಬರೀರಿ. ಎರಡು ಮಾತು, ಹೆಚ್ಚಂದ್ರೆ ಮೂರು."

ಸಾಹೇಬರು ಯೋಚಿಸಿದರು. "ಮನೇಲಿ ನಾವು ಕಿವಿ ಮಂದ ಅಂತೀವಿ. ಕಾಗದದ ಮೇಲೆ ಹಾಗೆ ಬರೆಯೋ ಹಾಗಿಲ್ಲ. 'ಶ್ರವಣದೋಷ' ಅಂತ ಬರೀಬೇಕು."

"ಅದೇ! ನೋಡಿ, ನಿಮಗೇ ಗೊತ್ತಿದೆ."

"ಬರೀ ಅಷ್ಟೇ ಹಾಕ್ಬೇಡಿ," ಎಂದರು ಆಪರೇಟರಮ್ಮ, ಸಾಹೇಬರು ಪರದೆಯ ಮೇಲೆ ಬರೆದದ್ದನ್ನು ನೋಡಿ. "ಮಾತು ಅಂತಾನೂ ಹಾಕಿ. ನಂಬರಿಗೆ ಊರು."

"ಮಾತಿಗೆ ಕಾಗದದ ಮೇಲೆ ಏನಂತೀರಿ ಸರ್?"

"ಸಂವಹನ," ಎಂದರು ಸಾಹೇಬರು, ಬಡ್ತಿ ಸಿಕ್ಕವರಂತೆ.

'ಶ್ರವಣದೋಷ ಸಂವಹನ'. ಈ ಸಲ ಬಂದ ಪಟ್ಟಿ ಪರದೆಯೊಳಗೇ ಹಿಡಿಸಿತು. ಹೆಚ್ಚಿನವು ಡಾಕ್ಟರುಗಳು ಡಾಕ್ಟರುಗಳಿಗಾಗಿ ಬರೆದವು. ಮೇಡಂ ಪೆನ್ನು ಎಡಬದಿಗೆ ಹೋಯಿತು: ಯಾವ ಭಾಷೆ, ಯಾವ ವರ್ಷದಿಂದೀಚೆಗೆ, ಓದುವವರು ವೈದ್ಯರೋ ಸಾಮಾನ್ಯರೋ. ಸಾಹೇಬರು ಒಂದೊಂದಕ್ಕೂ ಗುರುತು ಹಾಕುತ್ತ ಹೋದಂತೆ ಪಟ್ಟಿ ಸವೆದು, ಒಂದು ಪುಸ್ತಕ ಉಳಿಯಿತು: 'ಕಿವಿ ಕೇಳದ ಮಗುವಿನೊಡನೆ ಮಾತುಕತೆ'.

"ನಮ್ಮನೇಲಿ ಮಗು ಎಲ್ಲಿದೆ?" ಎಂದು ಸಾಹೇಬರು ಹಿಂದಕ್ಕೆ ಹೋಗುವ ಗುಂಡಿ ಒತ್ತಲು ಕೈ ಚಾಚಿದರು.

"ಅಯ್ಯೋ, ನಿಲ್ಲಿ! ಎಲ್ರೂ ಇಲ್ಲೇ ತಪ್ಪೋದು. ಈ ಪುಸ್ತಕ ನಿಮಗೆ ಬೇಡ, ಇದರ ನೆಂಟರು ಬೇಕು. ಒಂದು ಮನೆ ಬಾಗಿಲು ಸಿಕ್ಕಿದ್ರೆ ಸಾಕು, ಮಿಕ್ಕ ನೆಂಟರನ್ನ ಅದೇ ತೋರಿಸುತ್ತೆ. ಹೆಸರಿನ ಮೇಲೆ ಒತ್ತಿ ಒಳಗೆ ಹೋಗಿ. ಕೆಳಗೆ ಇಳೀರಿ. 'ವಿಷಯ' ಅಂತ ಇದೆಯಲ್ಲ, ಅಲ್ಲಿರೋ ಸಾಲು ಒತ್ತಿ."

ಆ ಸಾಲಿನಲ್ಲಿ 'ಶ್ರವಣದೋಷ: ಕುಟುಂಬದೊಳಗಿನ ಸಂವಹನ' ಎಂದಿತ್ತು. ಒತ್ತಿದರೆ ನೆಂಟರು ಬಂದರು, ಹೆಚ್ಚು ಜನವೇನಲ್ಲ. ಅವರ ನಡುವೆ, ತೆಳ್ಳಗೆ, ಬೂದುಬಣ್ಣದ ಹೊದಿಕೆಯ ಒಂದು: 'ಮುಖ ನೋಡಿ ಮಾತು: ಮನೆಮಂದಿಗೆ ಕೈಪಿಡಿ'.

"ತುಟಿ ಅನ್ನೋ ಮಾತೇ ಇಲ್ಲ ಇದರಲ್ಲಿ," ಎಂದರು ಆಪರೇಟರಮ್ಮ.

"ನನ್ನ ಮನವಿಯಲ್ಲಿ 'ಮುಖ' ಇತ್ತು," ಎಂದರು ಸಾಹೇಬರು.

"ಎಲ್ಲಿತ್ತು ಸರ್?"

"'ಪ್ರಮುಖ ಸಲಹೆ' ಅಂತ."

ಮೇಡಂ ಪೆನ್ನಿನ ತುದಿಯನ್ನು ಪರದೆಯತ್ತ ಚಾಚಿದರು. ಪುಸ್ತಕದ ಪಕ್ಕದಲ್ಲಿ 'ಹೊರಗಿದೆ' ಎಂದಿತ್ತು. ಯಾರೋ ಓದಲು ಒಯ್ದಿದ್ದರು. ಸಾಹೇಬರು ತಕ್ಷಣ ಜೇಬಿನ ಪೆನ್ನು ತೆಗೆದರು. "ಅವರ ವಿಳಾಸ ಕೊಡಿ ಮೇಡಂ, ಒಂದು ಪತ್ರ ಹಾಕ್ತೀನಿ."

"ಬೇಡ ಸರ್, ಅವರೂ ಬದುಕ್ಲಿ. ಅಲ್ಲೇ 'ಕಾಯ್ದಿರಿಸಿ' ಅಂತ ಇದೆ, ಒತ್ತಿ. ವಾಪಸ್ ಬಂದ ಕೂಡ್ಲೇ ನಿಮಗೇ ಎತ್ತಿಡ್ತೀವಿ."

ಸಾಹೇಬರು ಸಹಿ ಹಾಕುವ ಗತ್ತಿನಲ್ಲಿ ಒತ್ತಿದರು. ಮೇಡಂ ಇಬ್ಬರನ್ನೂ ಬಾಗಿಲವರೆಗೂ ಬೀಳ್ಕೊಟ್ಟರು.

ಪುಸ್ತಕ ಬರುವವರೆಗಿನ ದಿನಗಳಲ್ಲಿ ಪಾರ್ಕಿನ ಬೆಂಚಿಗೆ ಸಾಹೇಬರ ರೂಪದಲ್ಲಿ ಒಬ್ಬ ಕ್ಯಾಟಲಾಗ್ ಪಂಡಿತರು ಸಿಕ್ಕಿದರು. ಕಡಿಮೆ ಮಾತಿನಲ್ಲಿ ಹುಡುಕುವುದು ಹೇಗೆ ಎಂಬುದನ್ನು ಸಾಹೇಬರು ಒಂದು ಇಡೀ ಸಂಜೆ ವಿವರಿಸಿದರು. ಮಂಡಿನೋವಿಗೆ ಪುಸ್ತಕ ಬೇಕೆಂದವರಿಗೆ 'ಸಂಧಿವಾತ' ಎಂದು ಬರೆಯಿರಿ ಎಂದರು. ಹೂಕುಂಡದ ಹುಳುವಿಗೆ 'ಕೀಟ ನಿಯಂತ್ರಣ, ಮನೆತೋಟ'. ಒಬ್ಬರ ಸೊಸೆಯ ಸ್ವಭಾವಕ್ಕೂ ಎರಡು ಮಾತು ಹುಡುಕಿ ಕೊಡುತ್ತಿದ್ದರೇನೋ, ಅಷ್ಟರಲ್ಲಿ ಸೊಸೆಯೇ ಮಾವನನ್ನು ಕರೆದೊಯ್ಯಲು ಬಂದಳು.

ಮನೆಯಲ್ಲಿ ಪರಿಸ್ಥಿತಿ ಬೇರೆಯೇ ಇತ್ತು. ಆಪರೇಟರಮ್ಮನ 'ಹೂಂ' ಕೂಡ ಕಡಿಮೆಯಾಗುತ್ತ ಬಂತು. ಹಸಿರು ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ಅವರು ಟೆಲಿಫೋನಿನ ತಂತಿ ಕಿತ್ತು, ಸುತ್ತಿ, ಉಪಕರಣವನ್ನು ಬಟ್ಟೆಯಿಂದ ಒರೆಸಿ ಕಪಾಟಿನೊಳಗೆ ಇಟ್ಟರು. ಸಾಹೇಬರು ನೋಡುತ್ತ ನಿಂತರು. ಏನು ಹೇಳಿದರೂ ತಲುಪುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕ್ಯಾಟಲಾಗ್ ತೆರೆದು 'ಹೊರಗಿದೆ' ಎಂಬುದನ್ನು ಓದಿ, ಮುಚ್ಚಿ, ಆಮೇಲೆ ಮುಖ ತೊಳೆಯುವುದು ಅವರ ರೂಢಿಯಾಯಿತು.

ಒಂದು ಬೆಳಿಗ್ಗೆ 'ನಿಮಗಾಗಿ ಇಡಲಾಗಿದೆ' ಎಂದಿತ್ತು. ಸಾಹೇಬರು ಮುಖ ತೊಳೆಯದೆ ಹೋದರು.

ಪುಸ್ತಕವನ್ನು ಮೊದಲು ಓದಿದವರು ಆಪರೇಟರಮ್ಮ. ಓದುತ್ತ ಓದುತ್ತ ಒಂದು ಕಡೆ ಜೋರಾಗಿ ನಕ್ಕರು. ಆ ಪುಟಕ್ಕೆ ತಲೆಯ ಪಿನ್ನು ಸಿಕ್ಕಿಸಿ, ಸಾಹೇಬರ ಕುರ್ಚಿಯ ಮೇಲೆ ಇಟ್ಟು ಅಡುಗೆಮನೆಗೆ ಹೋದರು.

ಹೆಂಡತಿ ಕಲಿಯಬೇಕಾದದ್ದರ ಕೈಪಿಡಿ ಎಂದು ಸಾಹೇಬರು ತಿಳಿದಿದ್ದರು. ಮೊದಲ ಅಧ್ಯಾಯದ ಹೆಸರೇ 'ಮಾತನಾಡುವವರಿಗೆ' ಎಂದಿತ್ತು. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಿ. ಇನ್ನೊಂದು ಕೋಣೆಯಿಂದ ಕೂಗಬೇಡಿ. ಯಾವುದರ ಬಗ್ಗೆ ಎಂದು ಮೊದಲು ಹೇಳಿ, ಆಮೇಲೆ ಮಿಕ್ಕದ್ದು. ವಾಕ್ಯ ಚಿಕ್ಕದಿರಲಿ. ಇಷ್ಟನ್ನು ಸಾಹೇಬರು ಬಹಳ ಸಂಯಮದಿಂದ ಓದಿದರು. ಪಿನ್ನು ಸಿಕ್ಕಿಸಿದ ಜಾಗದಲ್ಲಿ ಹೀಗಿತ್ತು: 'ತುಟಿ ಕಾಣದಿದ್ದರೆ ಮಾತು ಕಾಣದು. ಮೀಸೆ ತುಟಿಯ ಮೇಲೆ ಇಳಿದಿದ್ದರೆ ತೆಗೆಯಿರಿ.'

ಮೀಸೆಯ ಪರವಾಗಿ ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಮರ್ಥ ವಾದ ಮಂಡಿಸಿದರು. ಅದರ ಸೇವಾವಧಿ, ಕಚೇರಿಯ ಶಿಸ್ತಿನಲ್ಲಿ ಅದು ವಹಿಸಿದ ಪಾತ್ರ, ತುದಿಯನ್ನಷ್ಟೇ ಸಮ ಮಾಡಿಸುವ ಪರ್ಯಾಯ, ಎಲ್ಲವೂ ಅದರಲ್ಲಿತ್ತು. ಆಪರೇಟರಮ್ಮ ಪೊದೆಯ ಅಲುಗಾಟವನ್ನು ಕೊನೆಯವರೆಗೂ ನೋಡಿ, "ಹೂಂ" ಎಂದರು.

ಸಾಹೇಬರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

"ಬನ್ನಿ ಸಾಹೇಬ್ರೇ," ಎಂದ ಕ್ಷೌರಿಕ ಬಟ್ಟೆ ಹೊದಿಸುತ್ತ. "ಮಾಮೂಲಿನಾ? ತುದಿ ಸಮ ಮಾಡ್ಲಾ?"

ಸಾಹೇಬರು ಕನ್ನಡಿಯಲ್ಲಿ ಮೀಸೆಯನ್ನು ನೋಡಿಕೊಂಡರು. ದಾರಿಯುದ್ದಕ್ಕೂ ಒಂದು ವಿವರಣೆ ತಯಾರು ಮಾಡಿಕೊಂಡು ಬಂದಿದ್ದರು. "ತೆಗಿ," ಎಂದರು.

"ಎಷ್ಟು?"

"ಪೂರ್ತಿ."

ಕ್ಷೌರಿಕ ಕತ್ತರಿ ಕೆಳಗಿಟ್ಟ. "ಮನೇಲಿ ಕೇಳಿದೀರಾ?"

"ಅದಕ್ಕೇ ಬಂದಿರೋದು."

"ಹಾಗಾದ್ರೆ ಸರಿ," ಎಂದು ಅವನು ಸೋಪು ಹಚ್ಚಿದ. ಕೆಲಸ ಮುಗಿದ ಮೇಲೆ ಅವನೂ ಕನ್ನಡಿಯಲ್ಲಿ ನೋಡಿದ. ಆಮೇಲೆ, ತಪ್ಪು ತಿಳಿಯಬೇಡಿ ಎಂಬ ದನಿಯಲ್ಲಿ, "ಗಾಳಿ ಆಡುತ್ತೆ ಬಿಡಿ" ಎಂದ.

ಬಾಗಿಲು ತೆರೆದ ಆಪರೇಟರಮ್ಮ ಮೇಲಿಂದ ಕೆಳಗೆ ನೋಡಿದರು. "ಯಾರು ಬೇಕಿತ್ತು?"

ಸಾಹೇಬರು ಒಳಗೆ ಬಂದು, ಪುಸ್ತಕದಲ್ಲಿ ಹೇಳಿದ್ದಂತೆ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನಿಂತರು. ಬರಿದಾದ ಮೇಲ್ತುಟಿಗೆ ತಣ್ಣಗಾಗುತ್ತಿತ್ತು. "ಈ ದಿನ ನಾನು ಕೈಗೊಂಡ ಈ ನಿರ್ಧಾರದ ಹಿನ್ನೆಲೆಯಲ್ಲಿ..." ಎಂದು ಶುರುಮಾಡಿದರು.

ಆಪರೇಟರಮ್ಮ ಅಂಗೈ ಎತ್ತಿ ತಡೆದರು. "ಊರು? ನಂಬರು?"

ಸಾಹೇಬರು ನಿಂತು ಯೋಚಿಸಿದರು. "ಟೀ," ಎಂದರು. "ಇದೆಯಾ?"

"ಇದೆ."

ಮಾತು ಮೊದಲ ಸಲಕ್ಕೇ ತಲುಪಿತ್ತು. ಸಾಹೇಬರಿಗೆ ಧೈರ್ಯ ಬಂತು. ಬೆರಳಿನಿಂದ ಮೊದಲು ತಮ್ಮ ಮುಖ ತೋರಿಸಿ, ಆಮೇಲೆ ನಿಧಾನವಾಗಿ ಕೇಳಿದರು: "ಮುಖ. ಚೆನ್ನಾಗಿದೆಯಾ?"

ಆಪರೇಟರಮ್ಮ ಅವರ ತುಟಿ ನೋಡಿದರು, ಕಣ್ಣು ನೋಡಿದರು, ತಿರುಗಿ ತುಟಿ ನೋಡಿದರು.

"ಇಲ್ಲ," ಎಂದರು. "ಗೋಡೆ ಬಣ್ಣಾನೂ ಚೆನ್ನಾಗಿಲ್ಲ."

ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ 'ಇಲ್ಲ' ಎಂಬ ಮಾತು ಹುಟ್ಟಿತ್ತು. ಸಾಹೇಬರು ಅದಕ್ಕೆ ವಿವರಣೆ ಕೇಳಲಿಲ್ಲ, ಮೇಲ್ಮನವಿ ಸಲ್ಲಿಸಲಿಲ್ಲ. ಕಿಟಕಿಗೆ ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ ನಿಂತು, "ಏನಂದೆ? ಇನ್ನೊಂದ್ಸಲ ಹೇಳು" ಎಂದರು.

"ಇಲ್ಲ ಅಂದೆ. ಯಾಕೆ, ಕಿವಿ ಕೇಳಲ್ವಾ?"